ಆರಂಭಶೂರನ ಕೈಯಲ್ಲಿ ಉಸಿರು

ನನ್ನ ಗಂಡ ಶಾನವಾಜ ಯಾವ ಕೆಲಸವನ್ನೂ ಕೊನೆ ಮುಟ್ಟಿಸಿದವನಲ್ಲ. ಇದು ಚಾಡಿಯಲ್ಲ, ಬ್ಯಾಡಗಿಯಲ್ಲಿ ನಮ್ಮ ಓಣಿಯ ಯಾರನ್ನು ಕೇಳಿದರೂ ಹೇಳುತ್ತಾರೆ. ಮೊಬೈಲ್ ರಿಪೇರಿ ಕಲಿಯಲು ರಾಣೆಬೆನ್ನೂರಿಗೆ ಹೋದ. ಬಿಚ್ಚುವುದನ್ನು ಕಲಿತ, ಕೂಡಿಸುವುದನ್ನು ಕಲಿಯುವಷ್ಟರಲ್ಲಿ ಬೇಸರ ಬಂತು. ಗೋಬಿ ಗಾಡಿ ಹಾಕಿದ, ಮಾರಿದ. ಆಟೊ ಓಡಿಸಿದ, ಬೆನ್ನುನೋವು ಬಂತು. ರಂಜಾನಿನ ಮೊದಲ ವಾರ ಅವನಷ್ಟು ಭಕ್ತಿಯಿಂದ ರೋಜಾ ಹಿಡಿಯುವವರು ಇಡೀ ಮಸೀದಿಯಲ್ಲಿ ಇಲ್ಲ. ಎರಡನೆಯ ವಾರ ಅವನಿಗೆ ಪಿತ್ತವಾಗುತ್ತದೆ. ನಮ್ಮ ಮನೆಯ ಮುಂದಿನ ಗೋಡೆ ಅರ್ಧ ಹಸಿರು, ಇನ್ನರ್ಧ ಬರೀ ಸಿಮೆಂಟು. ಬಣ್ಣ ಡಬ್ಬಿಯಲ್ಲಿ ಉಳಿದಿತ್ತು, ಹುರುಪು ತೀರಿತ್ತು. ಆರಂಭಶೂರ ಅಂತ ಒಂದು ಮಾತಿದೆಯಲ್ಲ, ಅದನ್ನು ಮೊದಲು ಆಡಿದವರು ನನ್ನ ಗಂಡನಂಥವನನ್ನು ನೋಡಿಯೇ ಆಡಿರಬೇಕು. ಎದುರಿಗೆ ಅವನಿಗೆ ‘ರೀ’ ಎನ್ನುತ್ತೇನೆ, ಅದು ಪದ್ಧತಿ. ಮನಸ್ಸಿನಲ್ಲಿ ಏಕವಚನವೇ.

ಅಂಥವನ ಕೈಗೆ ನನ್ನ ಉಸಿರು ಸಿಕ್ಕ ದಿನದ ಸಂಗತಿ ಇದು.

ನಮ್ಮದು ನದಾಫರ ಮನೆ. ಅರಳೆ ಹಿಂಜಿ ಗಾದಿ ತುಂಬುವುದು ಕುಲಕಸುಬು, ಮನೆಮಾತು ಕನ್ನಡ. ಮಾವ ಫಕ್ಕೀರಸಾಬರು ಬದುಕಿರುವವರೆಗೂ ಬಿಲ್ಲು ಕಟ್ಟಿಕೊಂಡು ಅರಳೆ ಹಿಂಜಿದರು. ಅವರು ಹೋದ ಮೇಲೆ ಆ ಕೆಲಸ ನಿಂತಿತು. ನಾನೂ ನನ್ನ ಅತ್ತೆ ಸೈದಾಬಿಯೂ ಸುಗ್ಗಿಯಲ್ಲಿ ನಿಜಲಿಂಗಪ್ಪ ಎಂಬ ವ್ಯಾಪಾರಿಯ ಕಣಕ್ಕೆ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತೇವೆ. ಕಾಯಿ ಬಯಲಲ್ಲಿ ಹರಡಿರುವುದರಿಂದ ಸಂಜೆ ತಾಡಪಾಲು ಹೊದಿಸಿ ಯಾರಾದರೂ ಕಾಯಬೇಕು. ಆ ಸಲ ಪಾಳಿ ನಮ್ಮದಿತ್ತು. ರಾಶಿಯ ಪಕ್ಕದಲ್ಲೇ ನೆಲದ ಮೇಲೆ ಚಾಪೆ ಹಾಸಿ ಮಲಗಿದೆವು. ಶಾನವಾಜನೂ ಕಾಯಲು ಬಂದಿದ್ದ, ಎಲ್ಲರಿಗಿಂತ ಮೊದಲು ಗೊರಕೆ ಹೊಡೆದಿದ್ದ.

ಬೆಳಿಗ್ಗೆ ಎದ್ದಾಗ ಹೊಟ್ಟೆ ಹಿಂಡುತ್ತಿತ್ತು. ಹಿಂದಿನ ದಿನದ ಮಂಡಕ್ಕಿ ಮಿರ್ಚಿಯೇ ಕಾರಣ ಎಂದುಕೊಂಡೆ. ನಮ್ಮ ಗುಂಪಿನ ಹಿರಿಯಳಾದ ಉಚ್ಚಂಗೆವ್ವ ತಾಡಪಾಲು ಮಡಚುತ್ತ ನನ್ನ ದಿಂಬಿನ ಹತ್ತಿರ ಬಂದವಳು ಕಿರುಚಿ ಹಿಂದೆ ಸರಿದಳು. ಕರ್ರಗಿನ ಸಣ್ಣ ಹಾವು, ಮೈ ತುಂಬ ಬಿಳಿ ಗೆರೆ. ಕಟ್ಟುಹಾವು, ಕಡುವಿಷದ್ದು. ಅದು ಯಾರಿಗೂ ಹೆದರದೆ ನಿಧಾನವಾಗಿ ಕಲ್ಲಿನ ಸಂದಿಗೆ ಹೋಯಿತು. ಹೆಂಗಸರೆಲ್ಲ ನನ್ನ ಕೈಕಾಲು ತಿರುವಿ ತಿರುವಿ ನೋಡಿದರು. ಗಾಯವಿರಲಿಲ್ಲ, ಬಾವಿರಲಿಲ್ಲ, ಕಚ್ಚಿದ ನೋವಂತೂ ಮೊದಲೇ ಇರಲಿಲ್ಲ.

“ಯಾರೂ ಒದರಾಡಬ್ಯಾಡ್ರಿ. ವಿಷ ಏರೇತೋ ಇಲ್ಲೋ ಮೊದ್ಲ ನೋಡೂಣು,” ಎಂದಳು ಉಚ್ಚಂಗೆವ್ವ. ವಿಷ ಏರಿದವರಿಗೆ ಬೇವು ಕಹಿ ಹತ್ತುವುದಿಲ್ಲ, ಮೆಣಸಿನಕಾಯಿ ಖಾರ ಹತ್ತುವುದಿಲ್ಲ, ಎರಡೂ ಸಪ್ಪಗೋ ಸಿಹಿಯೋ ಆಗುತ್ತವೆ ಎಂದು ನಮ್ಮ ಕಡೆ ನಂಬಿಕೆ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಅದನ್ನು ತಿನ್ನಿಸಿ ಪರೀಕ್ಷೆ ಮಾಡಿದರೆ ಊರಿನವರೆಲ್ಲ ಸತ್ತವರ ಲೆಕ್ಕಕ್ಕೆ ಸೇರುತ್ತಾರೆ. ಆದ್ದರಿಂದ ಜಾಣೆ ಉಚ್ಚಂಗೆವ್ವ ಮೂಲೆಯಲ್ಲಿದ್ದ ಗುಂಟೂರು ಕಾಯಿಯ ಚೀಲಕ್ಕೆ ಕೈ ಹಾಕಿ ಒಂದನ್ನು ನನ್ನ ಬಾಯಿಗಿಟ್ಟಳು.

“ಕಡಿ, ತರನ್ನುಮ.”

ಕಡಿದೆ. ನಾಲಿಗೆಗೆ ಕೊಳ್ಳಿ ಇಟ್ಟಂತಾಯಿತು. ಕಣ್ಣು ಮೂಗು ಸುರಿದು, ನಾನು ಕುಣಿದಾಡಿದ್ದನ್ನು ನೋಡಿ ಹೆಂಗಸರು ಚಪ್ಪಾಳೆ ತಟ್ಟಿದರು. “ಖಾರ ಹತ್ತೇತಿ, ಏನೂ ಆಗಿಲ್ಲ ತಗೊ,” ಎಂದು ಅತ್ತೆ ಒಂದು ಚೂರು ಬೆಲ್ಲ ಕೊಟ್ಟಳು.

ಶಾನವಾಜ ಒಬ್ಬನೇ ನಗಲಿಲ್ಲ. “ಯಾವುದಕ್ಕೂ ಒಮ್ಮೆ ದವಾಖಾನಿಗೆ ಹೋಗಿ ಬರೂಣು ಬಾ,” ಎಂದ.

“ಹೊಟ್ಟಿನೋವಿಗೆ ಹಾವಿನ ಇಂಜೆಕ್ಷನ್ ಮಾಡಸ್ತೀರೇನು? ಅಲ್ಲಿ ಪಾಳಿ ಹಚ್ಚಿ ಅರ್ಧಕ್ಕ ಎದ್ದು ಬರೂ ಮಂದಿ ನೀವು,” ಎಂದೆ. ಎಲ್ಲರೂ ನಕ್ಕರು. ಅವನು “ಆತು ಬಿಡು,” ಎಂದು ಬೀಡಿ ಹಚ್ಚಿದ. ಒಂದು ಸಲ ಹೇಳುತ್ತಾನೆ, ಅಷ್ಟೇ. ಎರಡನೆಯ ಸಲ ಹೇಳುವಷ್ಟು ಹಟ ಅವನಲ್ಲಿಲ್ಲ.

ಈ ಹಾವು ಕಚ್ಚಿದರೆ ಗಾಯವೂ ಕಾಣದು, ಹೊಟ್ಟೆನೋವಿನಿಂದಲೇ ಶುರುವಾಗುತ್ತದೆ, ನಾಲಿಗೆಯ ರುಚಿಗೂ ವಿಷಕ್ಕೂ ಸಂಬಂಧವೇ ಇಲ್ಲ ಎಂದು ನಂತರ ಡಾಕ್ಟರು ಹೇಳಿದರು. ಅವತ್ತು ನಾನು ಬೆಲ್ಲ ಚೀಪುತ್ತ ತೊಟ್ಟು ಬಿಡಿಸಲು ಕುಳಿತೆ. ಸ್ವಲ್ಪ ಹೊತ್ತಿಗೆ ಎದುರಿಗೆ ಇಬ್ಬರು ಉಚ್ಚಂಗೆವ್ವಂದಿರು ಕಂಡರು. ಒಬ್ಬಳೇ ಸಾಕಾಗಿದೆಯಲ್ಲಪ್ಪ ಎಂದು ನಗಬೇಕೆಂದರೆ ತುಟಿ ಒಂದು ಕಡೆ ಮಾತ್ರ ಎದ್ದಿತು. ರೆಪ್ಪೆ ಭಾರವಾಗಿ ತಾನೇ ಇಳಿಯಿತು. ನೀರು ಕುಡಿದೆ, ಅದು ಮೂಗಿನಿಂದ ಹೊರಗೆ ಬಂತು. ಆಗ ನನಗೆ ಮೊದಲ ಸಲ ಹೆದರಿಕೆಯಾಯಿತು. ಅತ್ತೀ ಎಂದು ಕೂಗಿದೆ. ಬಂದದ್ದು ಯಾರದೋ ಗೊಗ್ಗರು ದನಿ.

ನಿಜಲಿಂಗಪ್ಪನವರು ತಮ್ಮ ಕಾರಿನಲ್ಲೇ ಊರಿನ ದವಾಖಾನೆಗೆ ಹಾಕಿಕೊಂಡು ಹೋದರು. ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಹಾವನ್ನು ಯಾವಾಗ ನೋಡಿದಿರಿ ಎಂದು ಕೇಳಿ, ಉತ್ತರ ಕೇಳಿ ಹಲ್ಲು ಕಚ್ಚಿದರು. ಕೈಗೆ ಸಲಾಯಿನ್ ಏರಿತು, ಅದರಲ್ಲಿ ವಿಷಕ್ಕೆ ಔಷಧ ಬಿತ್ತು. ಅದು ಕೆಲಸ ಮಾಡಲು ಹೊತ್ತು ಬೇಕು, ಅಷ್ಟರಲ್ಲಿ ಉಸಿರು ನಿಂತರೆ ಯಂತ್ರಕ್ಕೆ ಹಾಕಬೇಕು ಎಂದು ಡಾಕ್ಟರು ಫೋನು ಹಿಡಿದು ಹೊರಗೆ ಹೋದರು.

ಉಸಿರು ಎಳೆದುಕೊಳ್ಳುವುದು ಒಂದು ಕೆಲಸ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಈಗ ಪ್ರತಿಯೊಂದನ್ನೂ ಬಾವಿಯಿಂದ ಕೊಡ ಸೇದಿದ ಹಾಗೆ ಸೇದಬೇಕಾಯಿತು. ಹಗ್ಗ ಕೈಯಿಂದ ಜಾರುತ್ತ ಹೋಯಿತು. ಕೊನೆಗೆ ಒಂದನ್ನು ಎಳೆದುಕೊಳ್ಳಬೇಕು ಎಂದುಕೊಂಡೆ, ಎದೆ ಏಳಲಿಲ್ಲ. ಯಾರನ್ನೂ ಕೂಗುವಂತಿರಲಿಲ್ಲ, ಕೈ ಎತ್ತುವಂತಿರಲಿಲ್ಲ. ಕಣ್ಣು ಮುಚ್ಚಿತ್ತು. ಇದೇ ಸಾವು, ಇಷ್ಟೇ, ಇಷ್ಟು ಸಲೀಸು ಎಂದು ನಾನು ಒಳಗೇ ಚೀರುತ್ತಿರುವಾಗ ಮುಖಕ್ಕೆ ರಬ್ಬರಿನ ಮುಸುಕು ಬಿಗಿಯಾಗಿ ಕೂತು, ಹೊರಗಿನಿಂದ ಗಾಳಿ ನುಗ್ಗಿ ಎದೆ ಉಬ್ಬಿತು. ನಾನು ಎಳೆದ ಉಸಿರಲ್ಲ. ಯಾರೋ ತುಂಬಿದ ಉಸಿರು.

ಮೈಯೆಲ್ಲ ಪರರ ಪಾಲಾಯಿತು. ಕಿವಿ ಮಾತ್ರ ನನ್ನದಾಗಿ ಉಳಿಯಿತು. ಹಾಗಾಗಿ ಮುಂದಿನದ್ದನ್ನೆಲ್ಲ ನಾನು ಕೇಳಿದೆ.

ಹಾವೇರಿಗೆ ಫೋನು ಹೋಯಿತು, ರಾಣೆಬೆನ್ನೂರಿಗೆ ಹೋಯಿತು. ಆ ಹೊತ್ತಿಗೆ ಯಂತ್ರ ಖಾಲಿ ಇದ್ದದ್ದು ದಾವಣಗೆರೆಯಲ್ಲಿ. ಸುರೇಖಾ ಎಂಬ ನರ್ಸು ನನ್ನ ತಲೆಯ ಹತ್ತಿರ ನಿಂತು ಹೇಳಿದಳು: “ಆಂಬುಲೆನ್ಸಿನ್ಯಾಗ ನಾ ಒಬ್ಬಾಕಿನ. ಗದ್ದ ಎತ್ತಿ ಮಾಸ್ಕ್ ಒತ್ತಿ ಹಿಡೀಬೇಕಂದ್ರ ನನ್ನ ಎರಡೂ ಕೈ ಬೇಕು. ಗಾಳಿ ಚೀಲ ಒತ್ತಾಕ ಮತ್ತೊಬ್ಬರು ಬೇಕು. ಯಾರು ಬರ್ತೀರಿ?”

“ನಾ ಬರ್ತೇನ್ರಿ,” ಎಂದಿತು ಒಂದು ದನಿ.

ಶಾನವಾಜ. ಯಾ ಅಲ್ಲಾ, ಇವನೊಬ್ಬನನ್ನು ಬಿಟ್ಟು ಯಾರಾದರೂ ಆಗಲಿ ಎಂದು ಒಳಗೆ ಬಡಿದುಕೊಂಡೆ. ಬೆಳಗಿನಿಂದ ಸಂಜೆಯವರೆಗೆ ತಲೆ ಎತ್ತದೆ ತೊಟ್ಟು ಬಿಡಿಸುವ ಉಚ್ಚಂಗೆವ್ವ ಅಲ್ಲೇ ಬಾಗಿಲಲ್ಲಿ ಅಳುತ್ತಿದ್ದಳು. ಅವಳು ಆಗಬಹುದಿತ್ತು. ನಿಜಲಿಂಗಪ್ಪನವರಾದರೂ ಆಗಬಹುದಿತ್ತು. ಹೇಳಲು ಬಾಯಿ ಎಲ್ಲಿದೆ?

“ಮೆತ್ತಗ ಒತ್ತರಿ. ಎದಿ ಏಳೂದು ನೋಡ್ರಿ. ಬಿಡ್ರಿ. ನಾಲ್ಕ ಎಣಸ್ರಿ, ಮತ್ತ ಒತ್ತರಿ,” ಎಂದು ಸುರೇಖಾ ಕಲಿಸಿದಳು. “ಏನ ಆದ್ರೂ ನಿಲ್ಲಸಬ್ಯಾಡ್ರಿ. ದಾವಣಗೇರಿ ತನಕ ಆಕಿ ಉಸಿರು ನೀವ. ಮತ್ತ ಆಕಿ ಮುಂದ ಕೆಟ್ಟದ್ದು ಮಾತಾಡಬ್ಯಾಡ್ರಿ, ಎಲ್ಲಾ ಕೇಳಸ್ತಿರ್ತೈತಿ.”

ಅತ್ತೆಯೂ ಹಟ ಮಾಡಿ ಹತ್ತಿದಳು. ಬಾಗಿಲು ಹಾಕಿದ ಸದ್ದಾಯಿತು. ಗೋರಿಯ ಮೇಲೆ ಹಲಗೆ ಇಟ್ಟಾಗಲೂ ಹೀಗೇ ಕೇಳಿಸಬಹುದು ಎನಿಸಿತು.

ಮೋಟೆಬೆನ್ನೂರು ಬಂದು ಹೆದ್ದಾರಿ ಸೇರುವವರೆಗೆ ಅವನು ಹುಚ್ಚನ ಹಾಗೆ ಒತ್ತಿದ. ಒಂದು ಹೋಗುವುದರೊಳಗೆ ಇನ್ನೊಂದು. ಹೊಟ್ಟೆಗೆಲ್ಲ ಗಾಳಿ ತುಂಬಿ ಉಬ್ಬಿತು. “ಅವಸರ ಮಾಡಬ್ಯಾಡ್ರಿ, ವಾಂತಿ ಬಂದ್ರ ಮುಗೀತು,” ಎಂದು ಸುರೇಖಾ ಗದರಿದಳು. ಅವಳು ಗದರಿದಷ್ಟೂ ಅವನ ಕೈ ಓಡಿತು. ಹುರುಪಿನಿಂದ ಶುರು ಮಾಡುವುದು ಅವನ ಹುಟ್ಟುಗುಣ, ಇದರ ಮುಂದಿನ ಹೆಜ್ಜೆ ನನಗೆ ಗೊತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅವನಿಗೆ ಸುಸ್ತಾಗುತ್ತದೆ.

ಅತ್ತೆ ಹೇಳಿದಳು: “ನಿಮ್ಮಪ್ಪ ಬಿಲ್ಲು ಬಡದಂಗ ಬಡಿಯೋ, ಶಾನು. ಅವಸರಕ್ಕ ಬಿದ್ರ ಅರಳಿ ಹರೀತೈತಿ. ತಡಾ ಮಾಡಿದ್ರ ಗಂಟು ಉಳೀತೈತಿ.”

ಅವನು ಬಾಯಲ್ಲಿ ಅಪ್ಪನ ಬಿಲ್ಲಿನ ಸದ್ದು ಮಾಡಿದ. ಡಂಯ್... ಡಂಯ್... ಚಿಕ್ಕಂದಿನಲ್ಲಿ ಆ ಬಿಲ್ಲಿನ ಪಕ್ಕದಲ್ಲೇ ಮಲಗಿ ಬೆಳೆದವನು. ಕೈ ಅದಕ್ಕೆ ಹೊಂದಿಕೊಂಡಿತು. ಎದೆ ಮೆಲ್ಲಗೆ ಎದ್ದಿತು, ಮೆಲ್ಲಗೆ ಇಳಿಯಿತು.

ನಡುವಿನ ಬಿಡುವೇ ಭಯಂಕರ. ಒಂದು ಉಸಿರು ಹೊರಗೆ ಹೋದ ಮೇಲೆ ಇನ್ನೊಂದು ಬರುವವರೆಗೆ ನಾನು ಏನೂ ಅಲ್ಲ. ನನ್ನ ಕೈಯಲ್ಲಿ ಏನೂ ಇಲ್ಲ. ಅವನು ಕಿಟಕಿಯ ಆಚೆ ನೋಡಿದರೆ, ಕೆಮ್ಮು ಬಂದರೆ, ಫೋನು ಬಂದರೆ, ಆತು ಬಿಡು ಎಂದರೆ ನಾನು ಮುಗಿದೆ. ಬರುತ್ತದೋ ಇಲ್ಲವೋ, ಬರುತ್ತದೋ ಇಲ್ಲವೋ. ಬಂತು. ಒಂದು ಬಂದ ಸಮಾಧಾನ ಮುಂದಿನದರ ಹೆದರಿಕೆಗೆ ಸಾಲುತ್ತಿರಲಿಲ್ಲ.

ಲಾರಿಗಳ ಹಾರ್ನು ಹೆಚ್ಚಾಯಿತು, ಡ್ರೈವರ್ ಯಾರನ್ನೋ ಬೈದ, ರಾಣೆಬೆನ್ನೂರು ಬಂತು ಎಂದುಕೊಂಡೆ. ಆಗ ಶಾನವಾಜ ಕೇಳಿದ: “ಅಕ್ಕಾರ, ಇನ್ನೂ ಎಷ್ಟು ದೂರ ಐತ್ರಿ?”

ಆ ದನಿ ನನಗೆ ಚೆನ್ನಾಗಿ ಗೊತ್ತು. ರೋಜಾದ ದಿನ ಮಧ್ಯಾಹ್ನ, ‘ಮಗ್ರಿಬ್‌ಗೆ ಇನ್ನೂ ಎಷ್ಟು ಹೊತ್ತೈತಿ’ ಎಂದು ಕೇಳುವ ದನಿ. ಅದನ್ನು ಕೇಳಿದ ಮೇಲೆ ಅವನು ಒಂದು ದಿನವೂ ಸಂಜೆಯವರೆಗೆ ತಡೆದದ್ದಿಲ್ಲ. ನನ್ನ ಜೀವ ಎಲ್ಲಿತ್ತೋ ಅಲ್ಲೇ ತಣ್ಣಗಾಯಿತು.

“ಇನ್ನೂ ಅರ್ಧಾನೂ ಆಗಿಲ್ರಿ,” ಎಂದಳು ಸುರೇಖಾ.

“ಕೈ ಜೋಮು ಹಿಡಿಯಾಕತ್ತಾವ್ರಿ.”

“ಕೈ ಬದಲ ಮಾಡ್ರಿ. ನಿಲ್ಲಸಬ್ಯಾಡ್ರಿ.”

ಚಳಗೇರಿ ಟೋಲಿನ ಹತ್ತಿರ ಗಾಡಿ ಉಬ್ಬಿನ ಮೇಲೆ ಹಾರಿತು. ನನ್ನ ಬೆರಳಿಗೆ ಹಾಕಿದ್ದ ಪುಟ್ಟ ಯಂತ್ರ, ಅಲ್ಲಿಯವರೆಗೆ ಟಿಕ್ ಟಿಕ್ ಅನ್ನುತ್ತಿದ್ದದ್ದು, ಕಳಚಿ ಎಲ್ಲೋ ಬಿತ್ತು. ಆ ಟಿಕ್ ಟಿಕ್ ಇರುವವರೆಗೆ ನಾನಿದ್ದೇನೆ ಎಂದು ಅವರಿಗೆ ಗೊತ್ತಿತ್ತು. ಸುರೇಖಾ ಮಾಸ್ಕು ಬಿಡುವಂತಿರಲಿಲ್ಲ. ಅತ್ತೆ ಸೀಟಿನ ಕೆಳಗೆ ತಡಕಾಡಿ ಅದನ್ನು ಹುಡುಕಿ, ಹೇಗೋ ಬೆರಳಿಗೆ ಸಿಕ್ಕಿಸಿದಳು.

“ಬರೇ ಗೆರಿ ತೋರಸ್ತೈತಿ. ಸದ್ದೂ ಇಲ್ಲ,” ಎಂದಳು.

“ಕೈ ತಣ್ಣಗಾದ್ರ ತೋರ್ಸೂದಿಲ್ರಿ. ಇಲ್ಲಾ ಬಿದ್ದು ಕೆಟ್ಟಿರಬೇಕು.”

“ನೀನರ ನಾಡಿ ನೋಡವಾ.”

“ಗಾಡಿ ಕುಲುಕಾಟದಾಗ ನನಗ ತಿಳಿವಲ್ದು,” ಎಂದಳು ಸುರೇಖಾ. ಒಂದು ಗಳಿಗೆ ಸುಮ್ಮನಿದ್ದು, “ಅದನ್ನ ಅಲ್ಲಿ ಡಾಕ್ಟರು ನೋಡ್ತಾರ. ಅಣ್ಣಾರ, ನೀವು ಒತ್ತರಿ,” ಎಂದಳು. ಆ ಒಂದು ಗಳಿಗೆಯ ಮೌನವನ್ನು ನಾನೂ ಕೇಳಿದೆ, ಅವರಿಬ್ಬರೂ ಕೇಳಿದರು.

ಅತ್ತೆ ನನ್ನ ರೆಪ್ಪೆಯನ್ನು ಬೆರಳಿನಿಂದ ಎತ್ತಿದಳು. ಬೆಳಕು ಒಮ್ಮೆಲೇ ಬಿತ್ತು. ಮಸುಕಾಗಿ ಅವಳ ಮುಖ ಕಂಡಿತು, ಸೆರಗು, ಗಾಡಿಯ ಬಿಳಿ ಮಾಡು. ಒಂದು ಅಂಚಿನಲ್ಲಿ ಅವನ ಗದ್ದ, ಅದರಿಂದ ಇಳಿಯುವ ಬೆವರು. ನಾನು ಕಣ್ಣಿನ ಗುಡ್ಡೆಯನ್ನು ಹೊರಳಿಸಲು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿದೆ. ಅತ್ತೀ, ನಾನಿದ್ದೇನೆ. ನೋಡು, ನಾನು ಇಲ್ಲೇ ಇದ್ದೇನೆ. ಗುಡ್ಡೆ ಕೂದಲೆಳೆಯಷ್ಟೂ ಸರಿಯಲಿಲ್ಲ. ನಾನು ಅವಳನ್ನು ನೋಡುತ್ತಿದ್ದೆ, ಅವಳು ಹೆಣವನ್ನು ನೋಡುತ್ತಿದ್ದಳು. ಎಷ್ಟೋ ಮಯ್ಯತ್ತುಗಳಿಗೆ ನೀರು ಹಾಕಿ ತೊಳೆದ ಕೈ ಅದು, ಗುರುತು ತಪ್ಪುವುದಿಲ್ಲ ಎಂಬ ನಂಬಿಕೆ ಅವಳಿಗೆ. ರೆಪ್ಪೆಯನ್ನು ಮೆಲ್ಲಗೆ ಕೆಳಗೆ ಸವರಿ ಮುಚ್ಚಿದಳು. ಮತ್ತೆ ಕತ್ತಲಾಯಿತು.

“ಹೋಗ್ಯಾಳಪ್ಪ,” ಎಂದಳು.

ಡಂಯ್ ಎನ್ನುವ ಸದ್ದು ನಿಂತಿತು. ಉಸಿರು ಬಂತು.

ಅತ್ತೆ ನನ್ನ ಕಿವಿಗೆ ಬಾಯಿ ಹಚ್ಚಿ ಕಲ್ಮಾ ಓದತೊಡಗಿದಳು. ಸಾಯುವವರ ಕಿವಿಗೆ ಕೊನೆಯದಾಗಿ ಬೀಳಬೇಕಾದ ಮಾತು. ನನ್ನ ಅವ್ವ ಹೋಗುವಾಗ ನಾನೇ ಹೀಗೆ ಓದಿದ್ದೆ, ಅವಳೂ ಒಳಗೆ ಹೀಗೆ ಕೇಳುತ್ತ ಇದ್ದಳೇ ಎಂದು ಈಗ ಹೊಳೆದು ನನಗೆ ಹುಚ್ಚು ಹಿಡಿದಂತಾಯಿತು. ಕಣ್ಣೀರು ಅಂಥ ಹೊತ್ತಿನಲ್ಲಿ ಬರುತ್ತದೆ ಎನ್ನುತ್ತಾರೆ. ನನಗೆ ಬರಲಿಲ್ಲ. ಬೆಚ್ಚಗೆ ಅವಳದೇ ಕಣ್ಣೀರು ನನ್ನ ಕೆನ್ನೆಯ ಮೇಲೆ ಬಿತ್ತು.

ಆಮೇಲೆ ಅತ್ತೆಯ ಕೈಚೀಲದ ಜಿಪ್ಪು ಎಳೆದ ಸದ್ದು. ಅವಳ ಅಕ್ಕ ಹಜ್ಜಿನಿಂದ ತಂದುಕೊಟ್ಟ ಜಮ್‌ಜಮ್ ನೀರಿನ ಪುಟ್ಟ ಬಾಟ್ಲಿ, ಅದನ್ನು ಅತ್ತೆ ತನ್ನ ಕೊನೆಗಾಲಕ್ಕೆಂದು ಹೋದಲ್ಲೆಲ್ಲ ಜೊತೆಗೇ ಇಟ್ಟುಕೊಂಡಿರುತ್ತಿದ್ದಳು. ತನ್ನ ಪಾಲಿನದನ್ನು ನನಗೆ ಕೊಡಲು ತೆಗೆದಿದ್ದಳು. ನನ್ನ ಮೇಲೆ ಅವಳಿಗೆ ಅಷ್ಟು ಪ್ರೀತಿ ಇತ್ತೆಂದು ನನಗೆ ಗೊತ್ತಾದದ್ದು ಆಗಲೇ, ಅದೇ ಪ್ರೀತಿ ನನ್ನನ್ನು ಕೊಲ್ಲಲಿದೆ ಎಂದು ಗೊತ್ತಾದದ್ದೂ ಆಗಲೇ.

“ಮಾಸ್ಕ್ ತಗೀವಾ, ಎರಡು ಹನಿ ಬಾಯಿಗೆ ಹಾಕತೇನಿ. ನೀರಡಿಸಿ ಹೋಗಬಾರ್ದು ಹುಡುಗಿ.”

“ನೀರು ಹಾಕಬ್ಯಾಡ್ರಿ! ಶ್ವಾಸಕೋಶಕ್ಕ ಹೋಗ್ತೈತಿ,” ಎಂದು ಸುರೇಖಾ ಕೂಗಿದಳು. “ಕೈ ತಗೀರಿ ಅಜ್ಜಿ, ನನಗ ಹಿಡಿಯಾಕ ಬರವಲ್ದು!”

ಅತ್ತೆಯ ಒರಟು ಬೆರಳುಗಳು ಮಾಸ್ಕಿನ ಅಂಚಿಗೆ ಬಂದವು. ಅಂಚು ಎದ್ದಿತು. ಅವನು ಒತ್ತಿದ ಗಾಳಿ ನನ್ನ ಕೆನ್ನೆಯ ಮೇಲೆ ಹಾದು ಹೊರಗೆ ಹೋಯಿತು. ಎದೆ ಏಳಲಿಲ್ಲ. ಮತ್ತೊಮ್ಮೆ ಒತ್ತಿದ, ಅದೂ ಹೊರಗೆ ಹೋಯಿತು. ಒಳಗೆ ಎಲ್ಲವೂ ಕೆಂಪಾಗಿ, ನಂತರ ಕಪ್ಪಾಗಿ ಮುಳುಗತೊಡಗಿತು. ಮಾತಿಗೆ ಎದುರಾಡದ ಮಗ ಅವನು. ಅವ್ವ ಹೇಳಿದಳೆಂದು ನನ್ನನ್ನು ಮದುವೆಯಾದವನು, ಅವ್ವ ಹೇಳಿದಳೆಂದು ಆಟೊ ಮಾರಿದವನು.

“ಅವ್ವಾ! ಕೈ ತಗಿ!”

ಅವನು ಹಾಗೆ ಒದರಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಏನೋ ಢಬ್ ಎಂದು ಬಡಿಯಿತು, ಬಾಟ್ಲಿ ಉರುಳಿತು. ಕೈ ಚೀಲದ ಮೇಲಿದ್ದುದರಿಂದ ಅವನು ಹೆಗಲಿನಿಂದಲೇ ತಾಯಿಯನ್ನು ಹಿಂದಕ್ಕೆ ನೂಕಿದ್ದ. ಮಾಸ್ಕು ಮತ್ತೆ ಕೂತಿತು, ಗಾಳಿ ಎದೆಗೆ ಬಂತು.

“ಆಕಿ ಇಲ್ಲೋ, ಶಾನು,” ಅತ್ತೆ ಅಳುತ್ತ ಅಂದಳು. “ಮಯ್ಯತ್‌ಗೆ ಹಿಂಸಾ ಕೊಡಬಾರ್ದೋ. ಗುನಾ ಐತಿ, ಪಾಪ ಹತ್ತತೈತಿ. ಬಿಡು, ಬಿಟ್ಟುಬಿಡು.”

ನಾನು ಕಾದೆ. ಅವಳಿದ್ದಾಳೆ ಎನ್ನುತ್ತಾನೆ ಎಂದು ಕಾದೆ. ಒಂದೇ ಒಂದು ಸಲ ಹಾಗೆನ್ನಲಿ, ಇನ್ನು ಮೇಲೆ ನಿನ್ನನ್ನು ಯಾವತ್ತೂ ಹೀಯಾಳಿಸುವುದಿಲ್ಲ ಎಂದುಕೊಂಡೆ.

“ನನಗೂ ಗೊತ್ತೈತಿ ಅವ್ವಾ,” ಎಂದ. “ಹೋಗ್ಯಾಳ. ನನಗ ಗೊತ್ತೈತಿ.”

ಅಷ್ಟೇ. ಹಾವು ಕಚ್ಚಿದಾಗ ಆಗದ ನೋವು ಆಗ ಆಯಿತು. ನಾನು ಇನ್ನು ಅವನ ಪಾಲಿಗೆ ಇಲ್ಲ. ಇಲ್ಲದವಳಿಗಾಗಿ ಯಾರು ಕೈ ನೋಯಿಸಿಕೊಳ್ಳುತ್ತಾರೆ? ಅದೂ ಇವನು? ಈಗ ‘ಆತು ಬಿಡು’ ಎನ್ನುತ್ತಾನೆ, ಕೈ ತೆಗೆಯುತ್ತಾನೆ, ಮುಖದ ಮೇಲೆ ಸೆರಗು ಬೀಳುತ್ತದೆ. ಗಾಡಿ ತಿರುಗಿ ಬ್ಯಾಡಗಿಗೆ ಹೋಗುತ್ತದೆ. ಅಲ್ಲಿಯವರೆಗೆ ನಾನು ಇರುವುದಿಲ್ಲ, ಅದೊಂದೇ ಪುಣ್ಯ. ಎದೆಯೊಳಗಿದ್ದ ಗಾಳಿ ಮೆಲ್ಲಗೆ ಹೊರಗೆ ಹೋಯಿತು. ಕೊನೆಯದು ಎಂದು ನಾನು ಅದಕ್ಕೆ ವಿದಾಯ ಹೇಳಿದೆ.

ಉಸಿರು ಬಂತು.

ತಪ್ಪಿ ಒತ್ತಿರಬೇಕು ಎಂದುಕೊಂಡೆ. ಅದು ಹೋಯಿತು. ಮತ್ತೊಂದು ಬಂತು. ಅವನು ಬಿಕ್ಕುತ್ತಿದ್ದ. ಬಿಕ್ಕಿದಾಗ ಕೈ ನಡುಗಿ ಗಾಳಿ ತುಂಡು ತುಂಡಾಗಿ ಬರುತ್ತಿತ್ತು, ಆದರೂ ಬರುತ್ತಿತ್ತು. “ಇನ್ನೊಂದು,” ಎಂದ ತನ್ನಷ್ಟಕ್ಕೆ. ಒತ್ತಿದ. “ಇನ್ನೊಂದು.” ದಾವಣಗೆರೆಯವರೆಗೆ ಒತ್ತುತ್ತೇನೆ ಎಂದು ಅವನು ಪಣ ತೊಡಲಿಲ್ಲ, ತೊಟ್ಟಿದ್ದರೆ ಖಂಡಿತ ಅರ್ಧಕ್ಕೆ ಬಿಡುತ್ತಿದ್ದ. ಜನ್ಮದಲ್ಲಿ ಅವನಿಗೆ ಬರುತ್ತಿದ್ದುದು ಶುರು ಮಾಡುವುದೊಂದೇ. ಅವನು ಪ್ರತಿಯೊಂದು ಉಸಿರನ್ನೂ ಹೊಸದಾಗಿ ಶುರು ಮಾಡುತ್ತಿದ್ದ.

ಗಾಡಿಯ ಚಕ್ರಕ್ಕೆ ಸೇತುವೆಯ ಕೂಡುಗಳು ಸಿಕ್ಕಿ ದಡಕ್ ದಡಕ್ ಎಂದವು, ತುಂಗಭದ್ರೆ ದಾಟುತ್ತಿದ್ದೇವೆ ಎಂದು ತಿಳಿಯಿತು. ಅಲ್ಲಿ ಒಮ್ಮೆ ಬಹಳ ತಡವಾಯಿತು. ಅವನ ಬೆರಳು ಸೆಟೆದುಕೊಂಡು ಮಡಚದಾದವು. “ಬರವಲ್ದು, ಬೆರಳು ಬರವಲ್ದು,” ಎಂದು ನರಳಿದ. ನಾನು ಮುಳುಗುತ್ತ ಹೋದೆ. ಆಮೇಲೆ ಗಾಳಿ ನುಗ್ಗಿತು, ಈ ಸಲ ಒರಟಾಗಿ. ಚೀಲವನ್ನು ಎದೆಗೂ ಮುಂಗೈಗೂ ನಡುವೆ ಅಪ್ಪಿಕೊಂಡು ಒತ್ತುತ್ತಿದ್ದ ಎಂದು ಸುರೇಖಾ ನಂತರ ಹೇಳಿದಳು. ಅತ್ತೆಯ ಅಳು ನಿಂತಿತ್ತು. ಅವಳು ಅವನ ಬೆನ್ನಿಗೆ ಕೈ ಒತ್ತಿ ಹಿಡಿದಿದ್ದಳಂತೆ, ಗಾಡಿಯ ಕುಲುಕಾಟದಲ್ಲಿ ಬೀಳದ ಹಾಗೆ.

ದಾವಣಗೆರೆಯಲ್ಲಿ ಬಾಗಿಲು ತೆರೆಯಿತು. ಬಹಳ ಜನರ ದನಿ ಕೇಳಿಸಿತು. ಯಾರೋ ನನ್ನ ಕೊರಳಿಗೆ ಬೆರಳು ಒತ್ತಿ, “ಪಲ್ಸ್ ಇದೆ, ಬೇಗ ಒಳಗೆ,” ಎಂದರು. ಅದನ್ನು ಕೇಳಿ ಶಾನವಾಜ ಧೊಪ್ಪನೆ ಕೆಳಗೆ ಕೂತ ಸದ್ದು ಮಾತ್ರ ಕೇಳಿಸಿತು. ಆಮೇಲೆ ಗಂಟಲಿಗೆ ನಳಿಗೆ ಇಳಿಯಿತು, ಯಂತ್ರ ಉಸಿರಾಡಿಸತೊಡಗಿತು. ಯಂತ್ರಕ್ಕೆ ಬೇಸರವಾಗುವುದಿಲ್ಲ ಎಂದು ಗೊತ್ತಿದ್ದರೂ ಪ್ರತಿ ಉಸಿರಿಗೂ ನಾನು ಹೆದರುತ್ತಲೇ ಇದ್ದೆ.

ವಿಷ ಇಳಿಯಲು ದಿನಗಳೇ ಹಿಡಿದವು. ಮೊದಲು ಕಾಲಿನ ಹೆಬ್ಬೆರಳು ನನ್ನ ಮಾತು ಕೇಳಿತು, ಆಮೇಲೆ ರೆಪ್ಪೆ. ನಳಿಗೆ ತೆಗೆದ ದಿನ ಅತ್ತೆ ಒಳಗೆ ಬಂದು ಮಂಚದ ಕಾಲು ಹಿಡಿದು ನಿಂತಳು. “ನಾ ನಿನ್ನ ಕಿವ್ಯಾಗ...” ಎಂದು ಶುರು ಮಾಡಿ ಮುಂದೆ ಹೇಳಲಾಗದೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. “ಕೇಳ್ಸಿತ್ತು ಅತ್ತಿ. ನೀರು ತಪ್ಪಿಸಿದ್ರು ನೋಡ್ರಿ ನಿಮ್ಮ ಮಗ, ಈಗ ಕೊಡ್ರಿ,” ಎಂದೆ. ಅವಳು ಚಮಚದಿಂದ ನೀರು ಕುಡಿಸಿ, ಅಳುತ್ತ ಹೊರಗೆ ಹೋದಳು.

ಅವನು ಸ್ಟೂಲಿನ ಮೇಲೆ ಕೂತಿದ್ದ. ಎರಡೂ ಮಣಿಕಟ್ಟಿಗೆ ಪಟ್ಟಿ, ಬೆರಳು ಇನ್ನೂ ಊದಿಕೊಂಡಿದ್ದವು. ನನ್ನ ಗಂಟಲು ಹರಿದ ಅರಿವೆಯಂತಾಗಿತ್ತು. ಆದರೂ ಕೇಳಿದೆ. ಕೇಳದೆ ಇರಲು ಆಗಲಿಲ್ಲ.

“ಹೋಗ್ಯಾಳ ಅಂದ್ರಿ. ನಾ ಕೇಳಿದೆ.”

ಅವನ ಮುಖ ಬಿಳುಚಿತು. ಸುರೇಖಾ ಎಚ್ಚರಿಸಿದ್ದು ಆ ಹೊತ್ತಿನಲ್ಲಿ ಅವನಿಗೆ ಮರೆತೇಹೋಗಿತ್ತು. ತಲೆ ತಗ್ಗಿಸಿ ತನ್ನ ಊದಿದ ಬೆರಳು ನೋಡಿಕೊಂಡ.

“ಮತ್ತ ಯಾಕ ಒತ್ತಿದ್ರಿ?”

“ಅಂಜಿಕಿ ಬಂತು.”

“ಯಾರ ಅಂಜಿಕಿ?”

“ಯಾರದೂ ಅಲ್ಲ.” ಮಣಿಕಟ್ಟಿನ ಪಟ್ಟಿ ಸವರಿಕೊಂಡ. “ಕೈ ಬಿಟ್ಟ ಕೂಡ್ಲೆ ನೀ ಮಯ್ಯತ್ ಆಕ್ಕಿದ್ದಿ. ಒತ್ತೂ ತನಕ ನನ್ನ ಹೆಂಡ್ತಿ. ದಾವಣಗೇರಿ ತನಕ ಆದ್ರೂ ಹೆಂಡ್ತಿನ್ನ ಕರಕೊಂಡು ಹೋಗೂಣು ಅಂದೆ.”

ನಂಬಿಕೆ ಇದ್ದವರಷ್ಟೇ ಗಟ್ಟಿಯಾಗಿ ನಿಲ್ಲುತ್ತಾರೆ ಎಂದು ನಾನು ತಿಳಿದಿದ್ದೆ. ಇವನಿಗೆ ನಾನು ಬದುಕಿದ್ದೇನೆಂಬ ನಂಬಿಕೆ ಇರಲಿಲ್ಲ, ನನಗೆ ಇವನ ಮೇಲೆ ಮೊದಲಿನಿಂದಲೂ ಇರಲಿಲ್ಲ. ಏನಾದರೂ ಚುಚ್ಚು ಮಾತು ಆಡಿ ಅಳು ತಡೆಯೋಣವೆಂದರೆ ಒಂದೂ ಬಾಯಿಗೆ ಬರಲಿಲ್ಲ. ಅತ್ತುಬಿಟ್ಟೆ. ಈಗ ಕಣ್ಣೀರು ಬಂತು.

ಅಷ್ಟರಲ್ಲಿ ನರ್ಸು ಬಂದು, ಹೊತ್ತಾಯಿತು, ಇನ್ನು ಹೊರಗೆ ಹೋಗಿ ಎಂದಳು. ಅವನು ಎದ್ದ. ಅವನು ಬಾಗಿಲ ಕಡೆ ತಿರುಗಿದ್ದೇ ತಡ, ನನಗೆ ಆ ಬಿಡುವು ನೆನಪಾಯಿತು, ಒಂದು ಉಸಿರಿಗೂ ಇನ್ನೊಂದಕ್ಕೂ ನಡುವಿನದು. ಕೈ ಚಾಚಿ ಅವನ ಅಂಗಿಯ ಚುಂಗು ಹಿಡಿದುಕೊಂಡೆ.

“ಹೋಗಬ್ಯಾಡ್ರಿ. ನನಗ ಅಂಜಿಕಿ ಬರ್ತೈತಿ.”

“ನನಗೂ,” ಎಂದ. ನರ್ಸಿನ ಕಡೆ ನೋಡಿ, “ಇನ್ನೊಂದೀಟು ಹೊತ್ತು ಕುಂದರ್ತೇನ್ರಿ ಅಕ್ಕಾರ,” ಎಂದು ಬೇಡಿಕೊಂಡು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ.